ಓದುಗರ ಪ್ರಶ್ನೆ: ದ್ವೇಷ ಭಾಷಣದ ವರದಿ ಹೇಗಿರಬೇಕು?

ಪ್ರಶ್ನೆ: ಗಣಪತಿ ವಿಸರ್ಜನೆಯ ಶೋಭಾಯಾತ್ರೆಗೆ ಹೊರ ಜಿಲ್ಲೆಯಿಂದ ಭಾಷಣಕಾರರನ್ನು ಕರೆಸುತ್ತಾರೆ. ಅವರು ಒಂದು ಸಮುದಾಯದ ಮೇಲೆ ಬೆಂಕಿ ಉಗುಳಿ ಹೋಗುತ್ತಾರೆ. ಬರೆದರೆ ಪುಕ್ಕಟೆ ಪ್ರಚಾರ, ಬಿಟ್ಟರೆ ಕಣ್ಮುಚ್ಚಿ ಕೂತ ಹಾಗೆ. ಏನು ಮಾಡಲಿ?
– ಬಿಡಿ ವರದಿಗಾರ, ದಾವಣಗೆರೆ

ಉತ್ತರ: ಮೊದಲು ಮೂರು ವಿಷಯ ನೋಡಿ. ಆ ಮಾತು ಅವರ ಬಳಗದ ವಾಟ್ಸ್‌ಆ್ಯಪ್ ಗುಂಪು ದಾಟಿ ಊರಿಗೆ ಹಬ್ಬಿದೆಯೇ? ಯಾರದಾದರೂ ಅಂಗಡಿಗೋ ಓಣಿಗೋ ಜೀವಕ್ಕೋ ಕುತ್ತು ಬಂದಿದೆಯೇ? ವೇದಿಕೆಯಲ್ಲಿ ಶಾಸಕರೋ ಪಾಲಿಕೆ ಸದಸ್ಯರೋ ಅಧಿಕಾರಿಯೋ ಕೂತಿದ್ದರೇ? ಮೂರಕ್ಕೂ ಇಲ್ಲ ಎಂದಾದರೆ ದಿನಾಂಕ, ಸ್ಥಳ, ಆಯೋಜಕರ ಹೆಸರು ಡೈರಿಯಲ್ಲಿ ಬರೆದಿಟ್ಟು ಸುಮ್ಮನಿರಿ. ಮುಂದಿನ ವರ್ಷ ಅದೇ ಹೆಸರು ಮತ್ತೆ ಬಂದಾಗ ಆ ಪುಟ ಬೇಕಾಗುತ್ತದೆ. ಒಂದಕ್ಕಾದರೂ ಹೌದು ಎಂದಾದರೆ ಬರೆಯಲೇಬೇಕು.

ಏನು ಬರೆಯಬೇಕು? ಭಾಷಣಕಾರರು ಆ ಒಂದು ಸಾಲನ್ನು ಉದುರಿಸುವುದೇ ನಿಮ್ಮ ತಲೆಬರಹಕ್ಕಾಗಿ. ಅದನ್ನು ಕೊಡಬೇಡಿ. ಮೆರವಣಿಗೆಗೆ ಪೊಲೀಸರು ಕೊಟ್ಟ ಅನುಮತಿ ಪತ್ರ ಹಿಡಿಯಿರಿ: ಅರ್ಜಿಗೆ ಸಹಿ ಯಾರದು, ಮಾರ್ಗ ಯಾವುದು, ಎಷ್ಟು ಗಂಟೆಗೆ ಮುಗಿಯಬೇಕಿತ್ತು, ಮುಚ್ಚಳಿಕೆ ಬರೆಸಿಕೊಂಡಿದ್ದರೇ. ಶಬ್ದ ಮಾಲಿನ್ಯ ನಿಯಮ 2000ರ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ವಿನಾಯಿತಿ ಇದ್ದರೆ ಆದೇಶ ಕೇಳಿ. ಆ ಭಾಷಣಕಾರರಿಗೆ ಜಿಲ್ಲಾಧಿಕಾರಿ ಪ್ರವೇಶ ನಿರ್ಬಂಧ ಹೇರಿದ್ದರೇ? ಫ್ಲೆಕ್ಸ್‌ಗೆ ಪಾಲಿಕೆಯ ಅನುಮತಿ ಇತ್ತೇ? ಡಿಜೆ ಬಾಡಿಗೆ, ಶಾಮಿಯಾನ, ಊಟದ ಖರ್ಚು ಕೊಟ್ಟವರು ಯಾರು? ದ್ವೇಷದ ಮಾತು ಎಲ್ಲೆಡೆಯೂ ಹೆಚ್ಚು ಕಡಿಮೆ ಒಂದೇ. ದುಡ್ಡು ಕೊಟ್ಟವರೂ ಅನುಮತಿ ಕೊಟ್ಟವರೂ ಮಾತ್ರ ಊರಿಂದೂರಿಗೆ ಬೇರೆ, ನಿಮ್ಮ ಸುದ್ದಿ ಇರುವುದು ಅಲ್ಲಿ.

ಮಾತನ್ನು ಉಲ್ಲೇಖಿಸಲೇಬೇಕಾದರೆ ಕಾನೂನಿನ ಉಲ್ಲಂಘನೆ ತೋರಿಸುವಷ್ಟು, ಒಂದೇ ವಾಕ್ಯ ಸಾಕು. ಬೈಗುಳವನ್ನು ನಿಮ್ಮ ಮಾತಲ್ಲಿ ಹೇಳಿ. ಸುಳ್ಳು ಅಂಕಿಯಾದರೆ ನಿಜವಾದ ಅಂಕಿ ಮೊದಲು ಬರಲಿ, ಸುಳ್ಳು ನಡುವೆ, ಕೊನೆಗೆ ಮತ್ತೆ ನಿಜ. ತಲೆಬರಹ ಮಾತ್ರ ಓದಿ ಮುಂದೆ ಹೋಗುವವರೇ ಹೆಚ್ಚು. ಅವರ ತಲೆಯಲ್ಲಿ ಸುಳ್ಳು ಕೂರಬಾರದು.

‘ಲಕ್ಷ ಜನ ಸೇರಿದ್ದರು’ ಎಂಬ ಪ್ರಕಟಣೆಯನ್ನು ಹಾಗೇ ಹಾಕಬೇಡಿ. ನಡೆಯುವ ಗುಂಪಿನಲ್ಲಿ ಚದರ ಮೀಟರಿಗೆ ಒಬ್ಬರು ಅಥವಾ ಇಬ್ಬರು. ಭುಜಕ್ಕೆ ಭುಜ ತಾಗಿ ನಿಂತರೆ ಮೂರು, ನಾಲ್ಕು. ರಸ್ತೆ 12 ಮೀಟರ್ ಅಗಲವಿದ್ದು ಇಬ್ಬರಂತೆ ಹಿಡಿದರೂ ಲಕ್ಷ ಜನಕ್ಕೆ ನಾಲ್ಕು ಕಿಲೋಮೀಟರಿಗಿಂತ ಉದ್ದದ ಜನಸಾಲು ಬೇಕು. ಪಿ.ಬಿ. ರಸ್ತೆಯಲ್ಲೋ ಚಿತ್ರದುರ್ಗದ ಬಿ.ಡಿ. ರಸ್ತೆಯಲ್ಲೋ ಜನ ಎಲ್ಲಿಂದ ಎಲ್ಲಿವರೆಗೆ ತುಂಬಿದ್ದರು ಎಂದು ಮಹಡಿಯಿಂದ ಒಂದು ಫೋಟೊ ತೆಗೆದು ಗುಣಿಸಿ ನೋಡಿ. ಕೆಳಗಿನಿಂದ ಬಾವುಟ ಆಕಾಶಕ್ಕೆ ಚಾಚಿದಂತೆ ತೆಗೆದ ಚಿತ್ರ ಅವರ ಪೋಸ್ಟರಿಗೆ ಚೆಂದ, ಪತ್ರಿಕೆಗಲ್ಲ.

ಇನ್ನೊಂದು: ಡಿಜೆಗೆ ಕುಣಿಯಲು ಬಂದ ಹುಡುಗರನ್ನೂ ಕೈಮುಗಿಯಲು ಬಂದ ಅಜ್ಜಿಯನ್ನೂ ಭಾಷಣಕಾರರ ಲೆಕ್ಕಕ್ಕೆ ಸೇರಿಸಬೇಡಿ. ‘ಉಗ್ರ ಬಲಪಂಥೀಯರು’ ಎಂಬ ಹಣೆಪಟ್ಟಿಗಿಂತ ‘ಇಂಥ ಸಂಘಟನೆಯ ಇಂಥ ಪದಾಧಿಕಾರಿ ಇಂಥ ದಿನ ಅಂಗಡಿ ಬಹಿಷ್ಕರಿಸಲು ಕರೆ ಕೊಟ್ಟರು’ ಎಂಬುದು ಗಟ್ಟಿ. ಮಾನನಷ್ಟದ ನೋಟಿಸ್ ಬಂದಾಗಲೂ ನಿಲ್ಲುತ್ತದೆ.

ಹೆಸರು, ಮುಖ ಎಷ್ಟು ತೋರಿಸಬೇಕು ಎಂಬುದಕ್ಕೆ ನ್ಯೂಜಿಲೆಂಡಿನ ಪಾಠವಿದೆ. 2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಜನರನ್ನು ಕೊಂದವನು ಅದನ್ನು ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಮಾಡಿದ. ಮೊದಲ 24 ಗಂಟೆಯಲ್ಲಿ 15 ಲಕ್ಷ ಪ್ರತಿ ಅಳಿಸಿದ್ದಾಗಿ ಕಂಪನಿಯೇ ಹೇಳಿತು. ಅವನಿಗೆ ಬೇಕಿದ್ದದ್ದು ಆ ಹರಡುವಿಕೆಯೇ. ಪ್ರಧಾನಿ ಜೆಸಿಂಡಾ ಆರ್ಡೆರ್ನ್ ಅವನ ಹೆಸರು ಹೇಳುವುದಿಲ್ಲ ಎಂದರು. ಆದರೆ ಈ ಸೂತ್ರ ಇಲ್ಲಿನ ಮುಖಂಡರಿಗೆ ಪೂರ್ತಿ ಹೊಂದದು. ಚುನಾವಣೆಗೆ ನಿಲ್ಲುವವರ, ಚಂದಾ ಎತ್ತುವವರ ಹೆಸರು ಜನರಿಗೆ ಗೊತ್ತಿರಬೇಕು.

ಪ್ರಶ್ನೆ: ಭಾಷಣದ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಸಿಕ್ಕಿದೆ. ದೂರು ಕೊಟ್ಟರೆ ನಿಲ್ಲುತ್ತದೆಯೇ?
– ಸಂಘಟನೆಯ ಕಾರ್ಯಕರ್ತೆ, ಚಿತ್ರದುರ್ಗ

ಉತ್ತರ: ಕೈಯಿಂದ ಕೈಗೆ ಬಂದ ವಿಡಿಯೊ ಸುಳಿವು ಮಾತ್ರ, ಪುರಾವೆಯಾಗಲು ಬಲ ಸಾಲದು. ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸುತ್ತದೆ, ಚಿತ್ರೀಕರಿಸಿದ ಹೊತ್ತು ಮತ್ತು ಜಾಗದ ವಿವರ ಉಳಿಯುವುದಿಲ್ಲ. ಚಿತ್ರೀಕರಿಸಿದವರನ್ನು ಹುಡುಕಿ, ಮೂಲ ಕಡತವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಆ ಫೋನನ್ನು ಅವರು ಮಾರಬಾರದು, ರೀಸೆಟ್ ಮಾಡಬಾರದು. ಪಡೆದ ದಿನವೇ ಎಸ್‌ಎಚ್‌ಎ-256 ಹ್ಯಾಶ್ (ಕಡತದ ಬೆರಳಚ್ಚಿನಂಥ ಸಂಕೇತ, ಕಡತ ಚೂರು ಬದಲಾದರೂ ಅದು ಬದಲಾಗುತ್ತದೆ) ತೆಗೆದು ಬರೆದಿಡಿ. ಡಿಜಿಟಲ್ ಪುರಾವೆಯ ಜೊತೆ ಕೊಡಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ನಮೂದಿಸಬೇಕು. ಎ ಭಾಗ ಹಾಜರುಪಡಿಸುವವರದು, ಬಿ ಭಾಗ ತಜ್ಞರದು. ಮೂವತ್ತು ಸೆಕೆಂಡಿನ ತುಣುಕು ಕತ್ತರಿಸಿ ಕೊಡಬೇಡಿ, ‘ಹಿಂದುಮುಂದಿನ ಮಾತು ತೆಗೆದಿದ್ದಾರೆ’ ಎಂಬ ವಾದಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ಪೂರ್ತಿ ಭಾಷಣವನ್ನು ನಿಮಿಷ, ಸೆಕೆಂಡು ಹಾಕಿ ಬರೆದು, ಇನ್ನೊಬ್ಬರಿಂದ ಕೇಳಿಸಿ ತಾಳೆ ನೋಡಿ.

ದೂರಿನಲ್ಲಿ ಭಾರತೀಯ ನ್ಯಾಯ ಸಂಹಿತೆಯ 196 (ಗುಂಪುಗಳ ನಡುವೆ ದ್ವೇಷ ಬಿತ್ತುವುದು), 299 (ಬೇಕೆಂದೇ ಧಾರ್ಮಿಕ ಭಾವನೆ ಕೆರಳಿಸುವುದು), 353ನೇ (ಜನರನ್ನು ಕೆರಳಿಸುವ ಹೇಳಿಕೆ, ವದಂತಿ) ಕಲಮುಗಳು ಬರಬಹುದು. ದ್ವೇಷ ಭಾಷಣವಾದರೆ ಮಾತಾಡಿದವರ ಧರ್ಮ ನೋಡದೆ, ದೂರಿಗಾಗಿ ಕಾದು ಕೂರದೆ ಪೊಲೀಸರೇ ಪ್ರಕರಣ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 28ರಂದು ಎಲ್ಲ ರಾಜ್ಯಗಳಿಗೂ ಹೇಳಿದೆ. ದೂರಿನಲ್ಲೇ ಅದನ್ನು ನೆನಪಿಸಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಲಿಖಿತವಾಗಿ ಎಸ್ಪಿಗೆ, ಆಮೇಲೆ ಮ್ಯಾಜಿಸ್ಟ್ರೇಟರಿಗೆ.

ಎಫ್‌ಐಆರ್ ಆದ ದಿನ ಎಲ್ಲರೂ ಬರೆಯುತ್ತಾರೆ, ಆಮೇಲೆ ಯಾರೂ ತಿರುಗಿ ನೋಡುವುದಿಲ್ಲ. 196 ಮತ್ತು 299ರಡಿ ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಳ್ಳಲು ಸರ್ಕಾರದ ಪೂರ್ವಾನುಮತಿ ಬೇಕು (ನಾಗರಿಕ ಸುರಕ್ಷಾ ಸಂಹಿತೆ, ಕಲಂ 217). ಕಡತ ಅಲ್ಲೇ ಧೂಳು ತಿನ್ನಬಹುದು, ಯಾವ ಪಕ್ಷದ ಸರ್ಕಾರವಿದ್ದರೂ. ಮಾಹಿತಿ ಹಕ್ಕಿನಲ್ಲಿ ಕೇಳಿ: ಇಂಥ ವರ್ಷದಿಂದ ಎಷ್ಟು ಪ್ರಕರಣಗಳಿಗೆ ಅನುಮತಿ ಕೋರಲಾಗಿದೆ, ಎಷ್ಟಕ್ಕೆ ಸಿಕ್ಕಿದೆ, ಎಷ್ಟು ಬಾಕಿ. ತನಿಖೆಯ ಕಾಗದ ಕೇಳಿದರೆ ಮಾಹಿತಿ ಹಕ್ಕು ಕಾಯ್ದೆಯ 8(1)(ಎಚ್) (ತನಿಖೆಗೆ ಅಡ್ಡಿಯಾಗುವ ಮಾಹಿತಿ ಕೊಡಬೇಕಿಲ್ಲ ಎನ್ನುವ ಕಲಂ) ತೋರಿಸಿ ತಿರಸ್ಕರಿಸುತ್ತಾರೆ. ಸಂಖ್ಯೆ ಕೇಳಿದರೆ ಆ ನೆಪ ಹೇಳುವುದು ಕಷ್ಟ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು, ಶುಲ್ಕ ₹10. ಎರಡು ವಿಷಯ ಬೆರೆಸಿದರೆ ವಾಪಸು ಕಳಿಸಲು ಅದೇ ಕಾರಣ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ.

ಪ್ರಶ್ನೆ: ನಮ್ಮ ಯೂಟ್ಯೂಬ್ ಚಾನೆಲ್‌ಗೆ ಅಂಥ ಮುಖಂಡರೊಬ್ಬರು ಲೈವ್ ಸಂದರ್ಶನಕ್ಕೆ ಒಪ್ಪಿದ್ದಾರೆ. ಮಾಡೋಣವೇ?
– ಹರಿಹರದ ಯುವಕ

ಉತ್ತರ: ಲೈವ್ ಬೇಡ. ಸುಳ್ಳು ಹೇಳಲು ಹತ್ತು ಸೆಕೆಂಡು, ಒಡೆಯಲು ಎರಡು ದಿನ. ರೆಕಾರ್ಡ್ ಮಾಡಿ, ಅನುಮತಿ ಪತ್ರ ಮತ್ತು ಎಫ್‌ಐಆರ್ ಮೇಜಿನ ಮೇಲಿಟ್ಟುಕೊಂಡು ಕೇಳಿ.

ಪ್ರಶ್ನೆ: ವರದಿ ಬಂದ ಮೇಲೆ ನನ್ನ ನಂಬರು ಗುಂಪುಗಳಲ್ಲಿ ಹರಿದಾಡುತ್ತಿದೆ. ಬೆದರಿಕೆ ಕರೆ ಬರುತ್ತಿವೆ.
– ಹಿರಿಯೂರಿನ ಓದುಗರು

ಉತ್ತರ: ಮೊದಲು ಬಂದ ಸಂದೇಶ, ಕರೆಗಳ ದಾಖಲೆ ಯಾವುದನ್ನೂ ಅಳಿಸಬೇಡಿ, ಜಗಳಕ್ಕೂ ಇಳಿಯಬೇಡಿ. ನಂಬರು, ಹೊತ್ತು, ಗುಂಪಿನ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ನಂಬಿಕಸ್ಥರೊಬ್ಬರಿಗೂ ಕಳಿಸಿ. ವಾಟ್ಸ್‌ಆ್ಯಪ್‌ಗೆ ಆರಂಕಿಯ ಪಿನ್ ಹಾಕಿ, ಗುಂಪಿಗೆ ಸೇರಿಸುವ ಅವಕಾಶವನ್ನು ನಿಮ್ಮ ಸಂಪರ್ಕದವರಿಗಷ್ಟೇ ಕೊಡಿ. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ ಹೋಗಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಬೆದರಿಕೆಗೆ ನ್ಯಾಯ ಸಂಹಿತೆಯ 351ನೇ ಕಲಮು. 1930 ಹಣದ ವಂಚನೆಯ ಸಹಾಯವಾಣಿ, ಇದಕ್ಕೆ ಅದನ್ನು ನಂಬಿ ಕೂರಬೇಡಿ. ಗೌರಿ ಲಂಕೇಶ್ ಅವರ ಹತ್ಯೆ, 2017ರ ಸೆಪ್ಟೆಂಬರ್ 5ರಂದು, ನಡೆದದ್ದು ಮನೆ ಬಾಗಿಲಲ್ಲೇ. ಆದ್ದರಿಂದ ಮನೆ, ಮಕ್ಕಳ ಶಾಲೆ, ಗಾಡಿ ನಂಬರು ಕಾಣುವ ಹಳೆಯ ಫೋಟೊಗಳನ್ನು ಫೇಸ್‌ಬುಕ್‌ನಿಂದ ಇಂದೇ ತೆಗೆಯಿರಿ. ನಿತ್ಯ ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ಓಡಾಡಬೇಡಿ. ಪಕ್ಕದ ಮನೆಯವರಿಗೆ ವಿಷಯ ತಿಳಿಸಿಡಿ. ಅಪರಿಚಿತರು ವಿಳಾಸ ಕೇಳಿಕೊಂಡು ಬಂದರೆ ಮೊದಲು ಗೊತ್ತಾಗುವುದು ಅವರಿಗೇ.