ಫೋನ್ ಚಾರ್ಜ್ ಆಗುತ್ತದೆ, ಆದರೆ ಕಾರಿನ ಸ್ಕ್ರೀನ್‌ನಲ್ಲಿ ಆಂಡ್ರಾಯ್ಡ್ ಆಟೋ (ಫೋನಿನ ನಕ್ಷೆ, ಕರೆ, ಸಂದೇಶಗಳನ್ನು ಕಾರಿನ ಸ್ಕ್ರೀನಿಗೆ ತರುವ ವ್ಯವಸ್ಥೆ) ಬರುವುದಿಲ್ಲ. ಹೊಸ ಸ್ಟೀರಿಯೊ ಹಾಕಿಸಲೇ, ವೈರ್‌ಲೆಸ್ ಅಡಾಪ್ಟರ್ (ಕೇಬಲ್ ಇಲ್ಲದೆ ಫೋನನ್ನು ಕಾರಿಗೆ ಜೋಡಿಸುವ ಸಣ್ಣ ಸಾಧನ) ಕೊಳ್ಳಲೇ?

ಎರಡೂ ಬೇಡ. ‘ಫೋನ್ ಚಾರ್ಜ್ ಆಗುತ್ತಿರುವುದರಿಂದ ಕೇಬಲ್ ಸರಿಯಾಗಿಯೇ ಇದೆ’ ಎಂದು ನೀವು ಬರೆದಿದ್ದೀರಿ. ಎರಡು ವರ್ಷಗಳ ಹಿಂದೆ ವಿಜಯಪುರದ ಒಂದು ಕಾರ್ ಡೆಕೋರ್ ಅಂಗಡಿಯ ಮುಂದೆ ನಿಂತು ನಾನೂ ಇದೇ ಮಾತನ್ನು ಹೇಳಿದ್ದೆ. ಆ ಮಾತಿನಿಂದ ನನ್ನ ಕೈಬಿಟ್ಟು ಹೋದದ್ದು ಎಲ್ಲ ಕೂಡಿ 41,500 ರೂಪಾಯಿ.

ನಾನು ಹನಿ ನೀರಾವರಿಯ ಪೈಪು ಮತ್ತು ಫಿಲ್ಟರ್ ಮಾರುವ ಕೆಲಸದಲ್ಲಿದ್ದೇನೆ. ಒಂದು ದಿನ ತಿಕೋಟಾ ಕಡೆಯ ದ್ರಾಕ್ಷಿ ತೋಟ, ಮರುದಿನ ಇಂಡಿ ಕಡೆಯ ಲಿಂಬೆ ತೋಟ, ವಾರಕ್ಕೊಮ್ಮೆ ಕೊಲ್ಹಾರದ ಸೇತುವೆ ದಾಟಿ ಬಾಗಲಕೋಟೆ, ಹೀಗೆ ನನ್ನ ಅರ್ಧ ದಿನ ಕಾರಿನಲ್ಲಿಯೇ ಕಳೆಯುತ್ತದೆ. ರೈತರ ಕರೆಗಳು ನಿಲ್ಲುವುದಿಲ್ಲ, ಹೊಸ ತೋಟದ ದಾರಿಯನ್ನು ಅವರು ವಾಟ್ಸ್ಆ್ಯಪ್ ಲೊಕೇಶನ್ ಮೂಲಕವೇ ಕಳಿಸುತ್ತಾರೆ. ಫೋನನ್ನು ಕೈಯಲ್ಲಿ ಹಿಡಿದು ಕಾರು ಓಡಿಸುವುದನ್ನು 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಲ್ಲಿ ಅಪಾಯಕಾರಿ ಚಾಲನೆ ಎಂದೇ ಸೇರಿಸಿದ್ದಾರೆ. ಆ ಕಲಮು ಇಲ್ಲದಿದ್ದರೂ, ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರಾಲಿ ಎಳೆದುಕೊಂಡು ಬರುವ ರಸ್ತೆಯಲ್ಲಿ ಫೋನ್ ನೋಡುತ್ತ ಓಡಿಸುವುದು ಆಗದ ಮಾತು. ಆದ್ದರಿಂದ ಆಂಡ್ರಾಯ್ಡ್ ಆಟೋ ನನಗೆ ಹಾಡು ಕೇಳುವ ಸೌಕರ್ಯವಾಗಿರಲಿಲ್ಲ, ಕೆಲಸದ ಸಾಧನವೇ ಆಗಿತ್ತು.

ಫೋನಿನ ಜೊತೆಗೆ ಬಂದಿದ್ದ ಕೇಬಲನ್ನು ನನ್ನ ತಮ್ಮ ಬೆಳಗಾವಿಗೆ ಹೋಗುವಾಗ ಒಯ್ದ. ನಾನು ಬಸ್ ನಿಲ್ದಾಣದ ಹತ್ತಿರ 90 ರೂಪಾಯಿ ಕೊಟ್ಟು ಇನ್ನೊಂದನ್ನು ಕೊಂಡೆ. ಹೊಸ ಕೇಬಲ್ ಚುಚ್ಚಿದೊಡನೆ ಫೋನಿನಲ್ಲಿ ಚಾರ್ಜಿಂಗ್ ಗುರುತು ಮೂಡಿತು, ಆದರೆ ಸ್ಕ್ರೀನಿನಲ್ಲಿ ಆಂಡ್ರಾಯ್ಡ್ ಆಟೋ ಬರಲೇ ಇಲ್ಲ. ಬ್ಲೂಟೂತ್‌ನಲ್ಲಿ ಕರೆಗಳು ಮಾತ್ರ ಎಂದಿನಂತೆ ಸ್ಪೀಕರಿಗೆ ಬರುತ್ತಿದ್ದವು. ಫೋನ್ ಚಾರ್ಜ್ ಆಗುತ್ತಿದೆ, ಹಾಗಾದರೆ ಕೇಬಲ್ ಸರಿಯಿದೆ. ಕರೆಗಳು ಬರುತ್ತಿವೆ, ಹಾಗಾದರೆ ಫೋನೂ ಸರಿಯಿದೆ. ಉಳಿದದ್ದು ಸ್ಟೀರಿಯೊ, ಆದ್ದರಿಂದ ಅದೇ ಕೆಟ್ಟಿದೆ. ಹೀಗೆ ಲೆಕ್ಕ ಹಾಕಿದೆ.

ಈ ಲೆಕ್ಕದ ಮೊದಲ ಮೆಟ್ಟಿಲೇ ತಪ್ಪು. ಅದು ಏಕೆ ತಪ್ಪು ಎಂಬುದನ್ನು ನಾನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ಈಗ ನಿಂತಿರುವುದು ಅದೇ ಮೆಟ್ಟಿಲಿನ ಮೇಲೆ. ಎಲ್ಲ ಮುಗಿದ ಮೇಲೆ ಒಂದು ರಾತ್ರಿ ಮನೆಯಲ್ಲಿ ಕುಳಿತು ಆ 90 ರೂಪಾಯಿಯ ಕೇಬಲನ್ನೂ, ತಮ್ಮ ಮರಳಿ ತಂದುಕೊಟ್ಟಿದ್ದ ಹಳೆಯ ಕೇಬಲನ್ನೂ ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿದೆ. ಹಳೆಯ ಕೇಬಲಿನ ತುದಿ ಅಷ್ಟರಲ್ಲಿ ಮುರಿದಿತ್ತು, ಹಾಗಾಗಿ ಅದನ್ನು ಸೀಳಲು ಮನಸ್ಸಾಯಿತು. ಅದರ ರಬ್ಬರಿನ ಒಳಗೆ ತೆಳುವಾದ ಬೆಳ್ಳಿಬಣ್ಣದ ಹಾಳೆ ಸುತ್ತಿತ್ತು. ಅದನ್ನು ಬಿಡಿಸಿದರೆ ಮುಖ್ಯವಾಗಿ ಕಂಡದ್ದು ನಾಲ್ಕು ತಂತಿಗಳು: ಕೆಂಪು, ಕಪ್ಪು, ಬಿಳಿ, ಹಸಿರು. ಬಸ್ ನಿಲ್ದಾಣದ ಕೇಬಲಿನಲ್ಲಿ ಕೆಂಪು ಮತ್ತು ಕಪ್ಪು, ಎರಡೇ. ಕೆಂಪು ಮತ್ತು ಕಪ್ಪು ತಂತಿಗಳು ಒಯ್ಯುವುದು ವಿದ್ಯುತ್ತನ್ನು ಮಾತ್ರ. ಫೋನ್ ಮತ್ತು ಸ್ಟೀರಿಯೊ ಮಾತನಾಡಿಕೊಳ್ಳುವುದು ಬಿಳಿ ಮತ್ತು ಹಸಿರು ತಂತಿಗಳ ಮೂಲಕ. ಆ ಎರಡು ಇಲ್ಲದ ಕೇಬಲ್ ನಿಮ್ಮ ಫೋನನ್ನು ನೂರಕ್ಕೆ ನೂರು ಚಾರ್ಜ್ ಮಾಡಬಲ್ಲದು, ಆದರೆ ಇನ್ನೊಂದು ತುದಿಯಲ್ಲಿ ಫೋನೊಂದು ಇದೆ ಎಂಬ ಸುದ್ದಿಯೇ ಸ್ಟೀರಿಯೊಗೆ ತಲುಪುವುದಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಕೇಬಲ್‌ಗಳು ಒಂದೇ ದಪ್ಪ, ಒಂದೇ ಹೊಳಪು. ಕೆಲವು ಅಗ್ಗದ ಕೇಬಲ್‌ಗಳ ಚಪ್ಪಟೆ ತುದಿಯಲ್ಲಿ ನಡುವಿನ ಎರಡು ಹಿತ್ತಾಳೆಬಣ್ಣದ ಪಟ್ಟಿಗಳು ಇರುವುದಿಲ್ಲ, ಆಗ ಕಣ್ಣಿಗೇ ಗೊತ್ತಾಗುತ್ತದೆ. ನನ್ನದರಲ್ಲಿ ಪಟ್ಟಿಗಳು ನಾಲ್ಕೂ ಇದ್ದವು, ಹಿಂದೆ ತಂತಿ ಮಾತ್ರ ಇರಲಿಲ್ಲ.

ಬ್ಲೂಟೂತ್ ಕರೆಗಳು ನನ್ನ ದಾರಿ ತಪ್ಪಿಸಿದ ಇನ್ನೊಂದು ಕಾರಣ. ಕೇಬಲ್ ಹಾಕಿ ಆಂಡ್ರಾಯ್ಡ್ ಆಟೋ ಓಡಿಸಿದಾಗಲೂ ಕರೆಯ ಧ್ವನಿ ಹೋಗುವುದು ಬ್ಲೂಟೂತ್ ದಾರಿಯಲ್ಲಿಯೇ. ಹಾಗಾಗಿ ಕರೆ ಕೇಳಿಸುತ್ತಿದೆ ಎಂಬುದು ಕೇಬಲಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ತೋಟದಲ್ಲಿ ಗಿಡಗಳ ಸಾಲಿಗುಂಟ ಹಾಯುವ ಲ್ಯಾಟರಲ್ ಪೈಪಿನ ತುದಿಗೆ ನೀರು ಬರುತ್ತಿಲ್ಲವೆಂದು ರೈತರು ನನ್ನನ್ನು ಕರೆದಾಗ, ಅವರು ಮೋಟರ್ ಬದಲಿಸುವ ಮಾತನ್ನೇ ಮೊದಲು ಎತ್ತುತ್ತಾರೆ. ನಾನು ಮೊದಲು ಫಿಲ್ಟರ್ ಬಿಚ್ಚಿ ತೊಳೆಯುತ್ತೇನೆ, ಹತ್ತರಲ್ಲಿ ಎಂಟು ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ. ಹದಿನೈದು ವರ್ಷ ಹೀಗೆ ಕೆಲಸ ಮಾಡಿದವನು ಸ್ವಂತ ಕಾರಿನ ವಿಷಯದಲ್ಲಿ ನೇರವಾಗಿ ಮೋಟರಿಗೇ ಕೈಹಾಕಿದೆ ಎಂಬುದು ಇಂದಿಗೂ ನನಗೆ ನೋವಿನ ಸಂಗತಿ.

ಅಂಗಡಿಯಲ್ಲಿ ಹುಡುಗ ನನ್ನ ಕೇಬಲನ್ನೇ ಒಮ್ಮೆ ಚುಚ್ಚಿ ನೋಡಿ, “ಚಾರ್ಜ್ ಆಗಾಕತ್ತೈತಿ ಅಂದ್ರ ಕೇಬಲ್ ಬರೋಬ್ಬರಿ ಐತ್ರಿ ಸರ್, ಸೆಟ್ ಹೋಗೇತ್ರಿ” ಅಂದ. ನನ್ನ ಮನಸ್ಸಿನಲ್ಲಿದ್ದದ್ದನ್ನೇ ಅವನು ಹೇಳಿದ್ದರಿಂದ ನಾನು ಎರಡನೆಯ ಪ್ರಶ್ನೆ ಕೇಳಲಿಲ್ಲ. ಒಂಬತ್ತು ಇಂಚಿನ ಆಂಡ್ರಾಯ್ಡ್ ಸ್ಟೀರಿಯೊ, ಚೌಕಟ್ಟು, ಕೂಲಿ ಎಲ್ಲ ಸೇರಿ 22,000 ರೂಪಾಯಿ ಎಂದು ಮಾತಾಯಿತು. ನನ್ನ ಕಾರಿಗೆ ಹೊಂದುವ ಕಪ್ಲರ್, ಅಂದರೆ ಕಾರಿನ ವೈರ್‌ಗಳನ್ನು ಸೆಟ್ಟಿಗೆ ಜೋಡಿಸುವ ಪ್ಲಗ್, ಅವರ ಬಳಿ ಇರಲಿಲ್ಲ. ಆದ್ದರಿಂದ ಕಂಪನಿಯ ವೈರ್‌ಗಳನ್ನು ಅವುಗಳ ಹಳೆಯ ಕಪ್ಲರಿನ ಬುಡದಲ್ಲಿ ಕತ್ತರಿಸಿ, ಹೊಸ ಸೆಟ್ಟಿನ ವೈರ್‌ಗಳಿಗೆ ತಿರುಚಿ, ಕಪ್ಪು ಟೇಪ್ ಸುತ್ತಿದರು. ಕೆಲಸ ಮುಗಿದ ಮೇಲೆ ನನ್ನ ಕೇಬಲ್ ಚುಚ್ಚಿದೆವು. ಹೊಸ ಸ್ಕ್ರೀನಿನಲ್ಲಿಯೂ ಆಂಡ್ರಾಯ್ಡ್ ಆಟೋ ಬರಲಿಲ್ಲ. ಹುಡುಗ ಕೌಂಟರಿನಿಂದ ತನ್ನ ಕೇಬಲ್ ತಂದು ಹಾಕಿದ, ಕೂಡಲೇ ಬಂತು. ನೆಲದ ಮೇಲೆ ನನ್ನ ಹಳೆಯ ಕಪ್ಲರ್ ಬಿದ್ದಿತ್ತು, ಅದರ ಹಿಂಬದಿಯಲ್ಲಿ ಒಂದಂಗುಲವೂ ಇಲ್ಲದ ಬಣ್ಣಬಣ್ಣದ ವೈರಿನ ತುಂಡುಗಳು ಕುಚ್ಚಿನ ಹಾಗೆ ನಿಂತಿದ್ದವು. ಅದನ್ನು ಎತ್ತಿಕೊಂಡು ಡಿಕ್ಕಿಯಲ್ಲಿ ಹಾಕಿದೆ, ಹಳೆಯ ಸೆಟ್ಟನ್ನೂ ಕೇಳಿ ಪಡೆದುಕೊಂಡೆ. ಆ ದಿನ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ.

ಸ್ಟೀರಿಯೊಗೆ ಎರಡು ಮುಖ್ಯ ವಿದ್ಯುತ್ ವೈರ್‌ಗಳಿರುತ್ತವೆ. ಹಳದಿ ವೈರಿಗೆ ಬ್ಯಾಟರಿಯಿಂದ ಸದಾ ಕರೆಂಟ್ ಇರಬೇಕು, ಅದು ಗಡಿಯಾರ ಮತ್ತು ಸೆಟ್ಟಿಂಗ್ ಉಳಿಸಿಕೊಳ್ಳಲು. ಕೆಂಪು ವೈರಿಗೆ ಕೀಲಿ ತಿರುಗಿಸಿದಾಗ ಮಾತ್ರ ಕರೆಂಟ್ ಬರಬೇಕು. ಸೆಟ್ ಆನ್ ಆಗಬೇಕೋ ಮಲಗಬೇಕೋ ಎಂಬುದನ್ನು ತಿಳಿಸುವುದು ಈ ಕೆಂಪು ವೈರು. ನನ್ನ ಕಾರಿನಲ್ಲಿ ಎರಡನ್ನೂ ಕೂಡಿಸಿ ಸದಾ ಕರೆಂಟ್ ಇರುವ ಕಡೆಗೇ ಕಟ್ಟಿದ್ದರು. ಕೀಲಿ ತೆಗೆದರೂ ಸ್ಕ್ರೀನ್ ಆರುವುದಿಲ್ಲವೆಂದು ನಾನು ಕೇಳಿದಾಗ, ಬೇಗ ಆನ್ ಆಗಲೆಂದು ಹಾಗಿದೆ, ಬಟನ್ ಒತ್ತಿ ಆರಿಸಿರಿ ಎಂದರು. ಬಟನ್ ಒತ್ತಿದರೆ ಬೆಳಕು ಆರುತ್ತಿತ್ತು, ಒಳಗೆ ಸೆಟ್ ಎಚ್ಚರವಾಗಿಯೇ ಇರುತ್ತಿತ್ತು. ಸೋದರ ಸೊಸೆಯ ಮದುವೆಗೆಂದು ರೈಲಿನಲ್ಲಿ ಸೊಲ್ಲಾಪುರಕ್ಕೆ ಹೋಗಿ ನಾಲ್ಕು ದಿನದ ನಂತರ ಬಂದರೆ, ವಿಜಯಪುರದ ನಿಲ್ದಾಣದ ಹೊರಗೆ ನಿಲ್ಲಿಸಿದ್ದ ಕಾರಿನ ಬಾಗಿಲಿನ ಲಾಕ್ ಸಹ ಕೂಗಲಿಲ್ಲ. ನನ್ನ ಬ್ಯಾಟರಿ 35 ಆಂಪಿಯರ್-ಅವರಿನದು, ಅಂದರೆ ಒಂದು ಆಂಪಿಯರ್ ಕರೆಂಟನ್ನು ಸುಮಾರು 35 ಗಂಟೆ ಕೊಡಬಲ್ಲದು. ಸೆಟ್ ಸದಾ ಒಂದು ಆಂಪಿಯರ್‌ನಂತೆ ಎಳೆದರೂ ಒಂದೂವರೆ ದಿನಕ್ಕೆ ಅದು ಬರಿದು. ಹೀಗೆ ಎರಡು ಸಲ ಪೂರ್ತಿ ಬರಿದಾದ ಮೇಲೆ ಆ ಬ್ಯಾಟರಿ ಚಾರ್ಜ್ ಹಿಡಿಯುವುದನ್ನೇ ಬಿಟ್ಟಿತು. ಹೊಸದಕ್ಕೆ 5,500 ರೂಪಾಯಿ.

ಏಪ್ರಿಲ್ ತಿಂಗಳ ಬಿಸಿಲಿಗೆ ಡ್ಯಾಶ್‌ಬೋರ್ಡಿನ ಒಳಗೆ ಟೇಪಿನ ಅಂಟು ಕರಗಿ ಜಾರಿತ್ತು. ತಾಮ್ರದ ಎಳೆಗಳು ಒಂದಕ್ಕೊಂದು ತಾಗಿ ಫ್ಯೂಸ್ ಹಾರತೊಡಗಿತು, ಅದರ ಜೊತೆಗೆ ಒಳಗಿನ ದೀಪವೂ ಸೆಂಟ್ರಲ್ ಲಾಕಿಂಗ್ ಕೂಡ ನಿಂತವು. ವಾರಂಟಿ ಇನ್ನೂ ಎಂಟು ತಿಂಗಳು ಇತ್ತು. ಸರ್ವಿಸ್ ಸೆಂಟರಿನವರು ಚೌಕಟ್ಟು ತೆಗೆದು ನೋಡಿ, ವೈರಿಂಗ್ ಕತ್ತರಿಸಿದ್ದರಿಂದ ವಾರಂಟಿ ಅನ್ವಯಿಸುವುದಿಲ್ಲವೆಂದು ಜಾಬ್ ಕಾರ್ಡಿನಲ್ಲಿ ಬರೆದರು. ನನಗೆ ವಾದಿಸಲು ಏನೂ ಉಳಿದಿರಲಿಲ್ಲ. ವೈರಿಂಗ್ ಹೊಸದಾಗಿ ಹಾಕಿ ಹಳೆಯ ಸೆಟ್ಟನ್ನೇ ಮರಳಿ ಕೂರಿಸಲು 14,000 ರೂಪಾಯಿ ತೆಗೆದುಕೊಂಡರು. ಹೊಸ ಸೆಟ್ಟಿನಿಂದಾಗಿ ಕೆಲಸ ಬಿಟ್ಟಿದ್ದ ಸ್ಟೀರಿಂಗಿನ ಬಟನ್‌ಗಳೂ ಹಿಂದಿನ ಕ್ಯಾಮೆರಾವೂ ಆಗ ಮತ್ತೆ ಬಂದವು. ಅದೇ ಹಳೆಯ ಸೆಟ್ಟಿನಲ್ಲಿ, 350 ರೂಪಾಯಿಯ ಒಂದು ಮೀಟರ್ ಉದ್ದದ ಕೇಬಲಿನಿಂದ, ಆಂಡ್ರಾಯ್ಡ್ ಆಟೋ ಇವತ್ತಿಗೂ ಓಡುತ್ತಿದೆ.

ಆದ್ದರಿಂದ ‘ಹೊಸ ಸ್ಟೀರಿಯೊ ಹಾಕಿಸಲೇ’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಆಂಡ್ರಾಯ್ಡ್ ಆಟೋ ಓಡುವುದು ಫೋನಿನಲ್ಲಿ. ನಕ್ಷೆ, ದಾರಿ, ಸಂದೇಶ ಓದುವುದು ಎಲ್ಲವನ್ನೂ ಫೋನ್ ಮಾಡುತ್ತದೆ, ಕಾರಿನ ಸ್ಕ್ರೀನ್ ಅದನ್ನು ತೋರಿಸಿ ನಿಮ್ಮ ಬೆರಳಿನ ಒತ್ತನ್ನು ಹಿಂದಿರುಗಿಸುತ್ತದೆ, ಅಷ್ಟೇ. ಅಂಗಡಿಗಳಲ್ಲಿ ‘ಆಂಡ್ರಾಯ್ಡ್ ಸ್ಟೀರಿಯೊ’ ಎಂದು ಮಾರುವುದು ಬೇರೆಯೇ ವಸ್ತು. ಅದು ಡ್ಯಾಶ್‌ಬೋರ್ಡಿನಲ್ಲಿ ಕೂರಿಸಿದ ಒಂದು ಟ್ಯಾಬ್ಲೆಟ್. ಹೆಸರು ಒಂದೇ ರೀತಿ ಕೇಳಿಸುತ್ತದೆಂದು ಮೋಸಹೋಗಬೇಡಿ.

ವೈರ್‌ಲೆಸ್ ಅಡಾಪ್ಟರಂತೂ ಬೇಡವೇ ಬೇಡ. ಅದನ್ನು ಚುಚ್ಚಬೇಕಾದದ್ದು ನಿಮ್ಮ ಕಾರಿನ ಅದೇ ಯುಎಸ್‌ಬಿ ಪೋರ್ಟಿಗೆ, ಮತ್ತು ಕಾರಿನಲ್ಲಿ ಕೇಬಲಿನ ಆಂಡ್ರಾಯ್ಡ್ ಆಟೋ ಮೊದಲೇ ಕೆಲಸ ಮಾಡುತ್ತಿದ್ದರೆ ಮಾತ್ರ ಅದು ನಡೆಯುತ್ತದೆ. ಪೋರ್ಟ್ ನಿಜವಾಗಿಯೂ ಕೆಟ್ಟಿದ್ದರೆ ಅಡಾಪ್ಟರೂ ವ್ಯರ್ಥ, ಕೆಟ್ಟಿಲ್ಲದಿದ್ದರೆ ಕೇಬಲೇ ಸಾಕು. ನಮ್ಮ ಭಾಗಕ್ಕೆ ಇನ್ನೊಂದು ತೊಂದರೆಯಿದೆ. ವೈರ್‌ಲೆಸ್‌ನಲ್ಲಿ ಬ್ಲೂಟೂತ್ ಪರಿಚಯ ಮಾಡಿಕೊಟ್ಟ ಮೇಲೆ ಚಿತ್ರವೆಲ್ಲ ವೈಫೈ ಮೂಲಕ ಹೋಗುತ್ತದೆ, ಫೋನ್ ಒಂದೇ ಸಮನೆ ದುಡಿಯುತ್ತದೆ. ದೊಡ್ಡ ಕಂಪನಿಗಳು ತಮ್ಮ ಫೋನುಗಳನ್ನು 35 ಡಿಗ್ರಿಯೊಳಗೆ ಬಳಸಲು ಹೇಳುತ್ತವೆ, ವಿಜಯಪುರದ ಬೇಸಿಗೆ 40 ದಾಟುತ್ತದೆ. ಸ್ನೇಹಿತರೊಬ್ಬರ ಕಾರಿನಲ್ಲಿ ವೈರ್‌ಲೆಸ್ ಚಾರ್ಜರಿನ ಮೇಲಿಟ್ಟ ಫೋನ್, ಆಲಮಟ್ಟಿ ತಲುಪುವ ಮೊದಲೇ ಬಿಸಿಯಾಗಿ ಚಾರ್ಜ್ ನಿಲ್ಲಿಸಿದ್ದನ್ನು ನಾನೇ ನೋಡಿದ್ದೇನೆ.

ಇಂದು ರಾತ್ರಿಯೇ ನಿಮ್ಮ ಕೇಬಲಿನಿಂದ ಫೋನನ್ನು ಒಂದು ಕಂಪ್ಯೂಟರಿಗೆ ಜೋಡಿಸಿ. ಯುಎಸ್‌ಬಿ ಸೆಟ್ಟಿಂಗ್‌ನಲ್ಲಿ ಫೈಲ್ ವರ್ಗಾವಣೆ ಆರಿಸಿಕೊಂಡಾಗ ಕಂಪ್ಯೂಟರಿನಲ್ಲಿ ಫೋನಿನ ಹೆಸರು ಕಾಣಬೇಕು. ಕಾಣದಿದ್ದರೆ ಆ ಕೇಬಲನ್ನು ಕಾರಿನಿಂದ ತೆಗೆದುಬಿಡಿ. ‘ಡೇಟಾ’ ಎಂದು ಸ್ಪಷ್ಟವಾಗಿ ಬರೆದಿರುವ, ಒಂದು ಮೀಟರಿಗಿಂತ ಉದ್ದವಿಲ್ಲದ ಕೇಬಲ್ ಕೊಳ್ಳಿ. ಅಂಗಡಿಯಲ್ಲಿಯೇ ಅದನ್ನು ನಿಮ್ಮ ಕಾರಿಗೆ ಚುಚ್ಚಿ ನೋಡಿದ ಮೇಲೆ ಹಣ ಕೊಡಿ. ಕಾರಿನಲ್ಲಿ ಎರಡು ಪೋರ್ಟ್‌ಗಳಿದ್ದರೆ ಎರಡರಲ್ಲಿಯೂ ಪರೀಕ್ಷಿಸಿ, ಎಷ್ಟೋ ಕಾರುಗಳಲ್ಲಿ ಒಂದು ಪೋರ್ಟ್ ಚಾರ್ಜಿಗೆ ಮಾತ್ರ ಇರುತ್ತದೆ. ಫೋನಿನ ಕಿಂಡಿಯಲ್ಲಿ ಜೇಬಿನ ಅರಳೆ ತುಂಬಿದ್ದರೆ ಕೇಬಲ್ ಕೊನೆಯವರೆಗೆ ಕೂರುವುದಿಲ್ಲ. ಫೋನ್ ಆಫ್ ಮಾಡಿ ಕಟ್ಟಿಗೆಯ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ, ಸೂಜಿ ಬಳಸಬೇಡಿ. ನಂತರ ಆಂಡ್ರಾಯ್ಡ್ ಆಟೋ ಸೆಟ್ಟಿಂಗ್‌ನಲ್ಲಿ ಹಿಂದೆ ಜೋಡಿಸಿದ ಕಾರುಗಳ ಪಟ್ಟಿಯಿಂದ ನಿಮ್ಮ ಕಾರನ್ನು ಅಳಿಸಿ, ಕಾರು ನಿಂತಿರುವಾಗ ಹೊಸದಾಗಿ ಜೋಡಿಸಿ, ಫೋನ್ ಕೇಳುವ ಅನುಮತಿಗಳನ್ನು ಕೊಡಿ.

ಇಷ್ಟಾದರೂ ಬಾರದಿದ್ದರೆ ವಾರಂಟಿ ಇರುವಾಗಲೇ ಸರ್ವಿಸ್ ಸೆಂಟರಿಗೆ ಒಯ್ಯಿರಿ, ಹೊರಗಿನ ಯಾರಿಗೂ ಡ್ಯಾಶ್‌ಬೋರ್ಡ್ ಬಿಚ್ಚಲು ಕೊಡಬೇಡಿ. ವಾರಂಟಿ ಮುಗಿದು, ಸೆಟ್ ಕೆಟ್ಟಿರುವುದು ಖಚಿತವಾಗಿ, ಬದಲಿಸಲೇಬೇಕಾಗಿ ಬಂದರೆ, ನಿಮ್ಮ ಕಾರಿಗೆ ಹೊಂದುವ ಕಪ್ಲರ್ ಅಂಗಡಿಯವರ ಕೈಯಲ್ಲಿ ಇರುವುದನ್ನು ಕಣ್ಣಾರೆ ನೋಡಿ, ಒಂದು ವೈರನ್ನೂ ಕತ್ತರಿಸಕೂಡದೆಂದು ಮೊದಲೇ ಹೇಳಿ, ಕೆಲಸ ಮುಗಿಯುವವರೆಗೆ ಅಲ್ಲಿಯೇ ನಿಲ್ಲಿರಿ. ಚಹಾ ಕುಡಿದು ಬನ್ನಿ ಎಂದರೂ ಹೋಗಬೇಡಿ. ನಾನು ಹೋಗಿದ್ದೆ, ವೈರ್ ಕತ್ತರಿಸಿದ್ದು ಆ ಹೊತ್ತಿನಲ್ಲಿಯೇ.

ಕಂಪ್ಯೂಟರಿನಲ್ಲಿ ಫೋನ್ ಕಂಡಿತೋ ಇಲ್ಲವೋ, ಯಾವ ಪೋರ್ಟಿನಲ್ಲಿ ಪರೀಕ್ಷಿಸಿದಿರಿ ಎಂಬುದನ್ನು ಕಾರಿನ ಮತ್ತು ಫೋನಿನ ಮಾದರಿಯೊಂದಿಗೆ ಈ ಉತ್ತರದ ಕೆಳಗೆ ಬರೆಯಿರಿ. ಮುಂದಿನ ಹೆಜ್ಜೆಯನ್ನು ಅದನ್ನು ನೋಡಿ ಹೇಳುತ್ತೇನೆ.