ಬೆರಳಿಗೆ ಮೊದಲು ತಿಳಿಯುವ ನೋಟು

ಪ್ರಶ್ನೆ: ಒಸಾಕಾದಲ್ಲಿ ಕೆಲಸಕ್ಕಿರುವ ನನ್ನ ತಂಗಿಯ ಮಗ ಸಾವಿರ ಯೆನ್‌ನ ನೋಟು ಎರಡು ತಂದುಕೊಟ್ಟಿದ್ದಾನೆ. ಒಂದೊಂದರಲ್ಲಿ ಒಬ್ಬೊಬ್ಬರ ಚಿತ್ರವಿದೆ. ಹೊಸದನ್ನು ಓರೆ ಮಾಡಿದರೆ ಹೊಳೆಯುವ ತುಣುಕಿನೊಳಗಿನ ಮುಖ ಅತ್ತಿತ್ತ ತಿರುಗುತ್ತದೆ. ಪಕ್ಕದ ಮನೆಯವರು ಅದು ಮಕ್ಕಳಾಟದ ನೋಟು ಎನ್ನುತ್ತಾರೆ. ನಿಜವೇ? ಹಳೆಯದು ಈಗಲೂ ನಡೆಯುತ್ತದೆಯೇ?
– ನಿವೃತ್ತ ಶಿಕ್ಷಕಿ, ಚಳ್ಳಕೆರೆ

ಉತ್ತರ: ಮೇಡಂ, ಆ ಮುಖ ತಿರುಗಲೇಬೇಕು. ತಿರುಗದಿದ್ದರೆ ಅನುಮಾನಪಡಬೇಕಿತ್ತು. 2024ರ ಜುಲೈ 3ರಂದು ಜಪಾನ್ ಹೊರತಂದ ನೋಟುಗಳಲ್ಲಿ ಈ ಹೊಲೊಗ್ರಾಂ ಇದೆ. ನೋಟಿನ ಮೇಲೆ ಹೀಗೆ ಮುಖವೇ ತಿರುಗುವ ಹೊಲೊಗ್ರಾಂ ಬಂದದ್ದು ಜಗತ್ತಿನಲ್ಲಿ ಅದೇ ಮೊದಲು. ಆದರೂ ನೋಟು ನನ್ನ ಕೈಗೆ ಬಾರದೆ ಅಸಲಿ ಎಂದು ಹೇಳಲಾರೆ. ನೀವೇ ಪರೀಕ್ಷಿಸುವ ಬಗೆಯನ್ನು ಹೇಳುತ್ತೇನೆ.

ಮೊದಲು ಕಣ್ಣು ಮುಚ್ಚಿ. ಹೊಸ ಸಾವಿರದ ನೋಟಿನ ಎದುರುಬದುರು ಎರಡು ಮೂಲೆಗಳನ್ನು ಬೆರಳ ತುದಿಯಿಂದ ಸವರಿ ನೋಡಿ. ಹನ್ನೊಂದು ಓರೆ ಗೆರೆಗಳು ಒತ್ತೊತ್ತಾಗಿ ತಟ್ಟುತ್ತವೆ. ಐದು ಸಾವಿರ ಮತ್ತು ಹತ್ತು ಸಾವಿರದ ಹೊಸ ನೋಟುಗಳಲ್ಲಿಯೂ ಅವೇ ಗೆರೆಗಳಿವೆ, ಜಾಗ ಮಾತ್ರ ಬೇರೆ. ಕಣ್ಣು ಕಾಣದವರು ಆ ಜಾಗದಿಂದಲೇ ಬೆಲೆ ತಿಳಿಯುತ್ತಾರೆ. ಕೊರೆದ ಲೋಹದ ಅಚ್ಚಿನ ಗೀರುಗಳಲ್ಲಿ ಶಾಯಿ ತುಂಬಿ, ಕಾಗದವನ್ನು ಅದರ ಮೇಲೆ ಭಾರವಾಗಿ ಒತ್ತಿದಾಗ ಶಾಯಿ ಉಬ್ಬಿ ನಿಲ್ಲುತ್ತದೆ. ಮನೆಯ ಪ್ರಿಂಟರ್‌ನಿಂದ ಬಣ್ಣ ಬರುತ್ತದೆ, ಈ ಉಬ್ಬು ಬರುವುದಿಲ್ಲ. ನಮ್ಮ ಐನೂರರ ನೋಟಿನ ಎರಡೂ ಅಂಚುಗಳಲ್ಲಿ ಐದೈದು ಗೆರೆಗಳಿವೆ. ಇಂದೇ ಸವರಿ ನೋಡಿ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ದಾವಣಗೆರೆಯಲ್ಲಿ ನಾನು ಕ್ಯಾಷಿಯರ್ ಆಗಿದ್ದಾಗ, ಹತ್ತಿ ಮಾರಿದ ಹಣ ಕಟ್ಟಲು ಬಂದ ರೈತರೊಬ್ಬರ ಕಟ್ಟಿನಲ್ಲಿ ಮೂರು ನೋಟು ನನ್ನ ಬೆರಳಿಗೆ ನುಣುಪಾಗಿ ಸಿಕ್ಕವು. ನಿಯಮದಂತೆ ಅವುಗಳ ಮೇಲೆ ಖೋಟಾ ಎಂಬ ಮುದ್ರೆ ಒತ್ತಿ ಇಟ್ಟುಕೊಳ್ಳಬೇಕು, ಬದಲಿಗೆ ಒಂದು ರೂಪಾಯಿಯನ್ನೂ ಕೊಡುವಂತಿಲ್ಲ. ಆ ಮನುಷ್ಯ ಕೌಂಟರ್ ಬಿಟ್ಟು ಕದಲದೆ ನಿಂತಿದ್ದರು. ಹಣ ಎಣಿಸಿಕೊಳ್ಳುವಾಗಲೇ ಅವರಿಗೆ ಈ ಸ್ಪರ್ಶ ಗೊತ್ತಿದ್ದಿದ್ದರೆ ಎಂದು ಇಂದಿಗೂ ಅನಿಸುತ್ತದೆ. ನೋಟಿನ ಭದ್ರತೆ ಬ್ಯಾಂಕಿನವರಿಗಿಂತ ಮೊದಲು ಸಂತೆಯಲ್ಲಿ ನಿಂತವರ ಕೈಗೆ ದಕ್ಕಬೇಕು.

ಈಗ ಕಣ್ಣು ತೆರೆದು ನೋಟನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಖಾಲಿ ಜಾಗದಲ್ಲಿ ಅದೇ ಮುಖ ನೆರಳಾಗಿ ಮೂಡುತ್ತದೆ, ಅದರ ಸುತ್ತ ನವಿರಾದ ವಿನ್ಯಾಸವೂ ಕಾಣುತ್ತದೆ. ಇದು ಮುದ್ರಣವಲ್ಲ, ಕಾಗದ ಮಾಡುವಾಗಲೇ ಅದರ ದಪ್ಪವನ್ನು ಹೆಚ್ಚುಕಡಿಮೆ ಮಾಡಿ ಮೂಡಿಸಿದ್ದು. ನಮ್ಮ ನೋಟಿನ ಕಾಗದ ಹತ್ತಿಯದು. ಅವರದು ಮಿತ್ಸುಮಾತ ಎಂಬ ಪೊದೆಯ ತೊಗಟೆಯ ನಾರು ಮತ್ತು ಅಬಾಕಾ ಎಂಬ ಬಾಳೆ ಜಾತಿಯ ಗಿಡದ ನಾರಿನದು. ಆ ತೊಗಟೆಯಲ್ಲಿ ಬಹುಪಾಲು ಈಗ ನೇಪಾಳದ ಬೆಟ್ಟಗಳಿಂದ ಹೋಗುತ್ತದೆ. ಭೂತಗನ್ನಡಿ ಇದ್ದರೆ ‘ನಿಪ್ಪೊನ್ ಗಿಂಕೊ’ (ಬ್ಯಾಂಕ್ ಆಫ್ ಜಪಾನ್) ಎಂದು ರೋಮನ್ ಲಿಪಿಯಲ್ಲಿರುವ ಸಾಸಿವೆಗಿಂತ ಸಣ್ಣ ಅಕ್ಷರಗಳನ್ನೂ ಹುಡುಕಬಹುದು.

ಮುಖಗಳಿಗೂ ಕಥೆಯಿದೆ. 1961ರ ಕೊನೆಯಿಂದ ಜಪಾನಿನಲ್ಲಿ ಸಾವಿರ ಯೆನ್‌ನ ಖೋಟಾ ನೋಟುಗಳು ಸಿಗತೊಡಗಿದವು. ಮಾಡಿದವರು ಕೊನೆಗೂ ಸಿಕ್ಕಲಿಲ್ಲ. 1963ರಲ್ಲಿ ಸರ್ಕಾರ ನೋಟನ್ನೇ ಬದಲಿಸಿತು. ಆಗ ಉದ್ಯಮಿ ಶಿಬುಸಾವಾ ಎಇಚಿ ಅವರ ಹೆಸರೂ ಪರಿಶೀಲನೆಯಲ್ಲಿತ್ತು. ಆದರೆ ಅವರಿಗೆ ಗಡ್ಡವಿರಲಿಲ್ಲ! ಗಡ್ಡದ ಒಂದೊಂದು ಎಳೆಯನ್ನೂ ನಕಲು ಮಾಡುವುದು ಕಷ್ಟವೆಂದು ಜಪಾನಿನ ಮೊದಲ ಪ್ರಧಾನಿ ಇತೊ ಹಿರೊಬುಮಿ ಅವರ ಮುಖ ಆಯ್ಕೆಯಾಯಿತು. ತಂತ್ರಜ್ಞಾನ ಮುಂದುವರಿದ ಮೇಲೆ ಆ ಅಡ್ಡಿ ಇಲ್ಲವಾಗಿ, 2024ರಲ್ಲಿ ಶಿಬುಸಾವಾ ಹತ್ತು ಸಾವಿರದ ನೋಟಿನ ಮೇಲೆಯೇ ಬಂದರು.

ನಿಮ್ಮ ಹೊಸ ನೋಟಿನಲ್ಲಿರುವವರು ಕಿತಾಸಾತೊ ಶಿಬಾಸಾಬುರೊ. ಧನುರ್ವಾಯುವಿನ ರೋಗಾಣುವನ್ನು ಮೊದಲು ಬೇರ್ಪಡಿಸಿ ಬೆಳೆಸಿದವರು. 1894ರಲ್ಲಿ ಹಾಂಗ್‌ಕಾಂಗ್‌ಗೆ ಹೋಗಿ ಪ್ಲೇಗಿನ ರೋಗಾಣುವಿನ ಬೆನ್ನು ಹತ್ತಿದವರು. ಪ್ಲೇಗಿಗೆ ಹೆದರಿ ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡದ್ದನ್ನು ನನ್ನ ಅಜ್ಜಿ ಹೇಳುತ್ತಿದ್ದರು. ಹಾಗಾಗಿ ಈ ಮುಖದ ಮೇಲೆ ನನಗೆ ಗೌರವ ಹೆಚ್ಚು.

ಹಳೆಯ ನೋಟಿನ ಹಿಂಬದಿಯಲ್ಲಿ ಫುಜಿ ಪರ್ವತವಿದ್ದು, ಮುಂಬದಿಯಲ್ಲಿ ಗುಂಗುರು ಕೂದಲಿನವರಿದ್ದರೆ ಅದು 2004ರ ನೋಟು, ಅವರು ರೋಗಾಣು ವಿಜ್ಞಾನಿ ನೊಗುಚಿ ಹಿದೆಯೊ. ಜಪಾನಿನಲ್ಲಿ ಈಗಲೂ ನಡೆಯುತ್ತದೆ, ತಂಗಿಯ ಮಗ ಅಲ್ಲಿ ಖರ್ಚು ಮಾಡಬಹುದು. ಆದರೆ ನೀವು ಶಿಕ್ಷಕಿ, ಎರಡನ್ನೂ ಜೊತೆಗಿಟ್ಟುಕೊಳ್ಳಿ ಎನ್ನುತ್ತೇನೆ: ನೊಗುಚಿ ತಮ್ಮ ಎಳೆಯ ವಯಸ್ಸಿನಲ್ಲಿ ಕೆಲಸ ಮಾಡಿದ್ದು ಕಿತಾಸಾತೊ ಅವರ ಸಂಸ್ಥೆಯಲ್ಲಿಯೇ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ, ಆ ಹನ್ನೊಂದು ಗೆರೆಗಳು ಪ್ಲಾಸ್ಟಿಕ್ಕಿನ ಕೆಳಗೆ ಮುಚ್ಚಿಹೋಗುತ್ತವೆ.