ಸಹಿ ಏನೋ ಹಾಕಿದಿರಿ, ಒಪ್ಪಿದ್ದು ಯಾವುದಕ್ಕೆ?

ಹೆಸರು ಹಾಕಬೇಡಿ ಅಂತ ಬರೆದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರವನ್ನು ನಾಲ್ಕು ಸಾಲಿಗೆ ಇಳಿಸಿ ಹೇಳಿಬಿಡುತ್ತೇನೆ. ನಿಮಗೀಗ ಆರು ತಿಂಗಳು, ಎರಡನೆಯದು. ಮೂರು ವರ್ಷದ ಹಿಂದೆ ಚೊಚ್ಚಲ ಹೆರಿಗೆಗೆ ಹೋದಾಗ ದಿನ ದಾಟಿದೆ ಅಂತ ನೋವು ಬರಿಸುವ ಔಷಧಿ ಕೊಟ್ಟರು. ಆಮೇಲೆ ನೋವು ಹೆಚ್ಚಿಸುವ ಡ್ರಿಪ್. ಗರ್ಭಕೋಶದ ಬಾಯಿ 4 ಸೆಂಟಿಮೀಟರ್‌ಗೇ ನಿಂತಿದೆ ಅಂದರು, ಬೆಳಗಿನ ಜಾವ ಸಿಸೇರಿಯನ್ ಮಾಡಿದರು. ‘ಎರಡು ನೋವಿನ ಮಧ್ಯೆ ಯಾರೋ ಪೆನ್ನು ಕೊಟ್ಟರು, ಸಹಿ ಹಾಕಿದೆ. ಯಾವುದಕ್ಕೆ ಅಂತ ಇವತ್ತಿಗೂ ಗೊತ್ತಿಲ್ಲ’ ಅಂದಿದ್ದೀರಿ. ಈ ಸಲ ಅವರು ಏನೇ ಹೇಳಿದರೂ ಬೇಡ ಅಂದುಬಿಡಬೇಕು ಅಂತ ನಿಮಗೆ. ‘ಡಾಕ್ಟರಿಗಿಂತ ನಿನಗೆ ಜಾಸ್ತಿ ಗೊತ್ತಾ?’ ಅಂತ ಮನೆಯವರು. ಯಾರದ್ದು ಸರಿ ಅಂತ ನನ್ನನ್ನು ಕೇಳಿದ್ದೀರಿ.

ಇಬ್ಬರದ್ದೂ ಸರಿಯಿಲ್ಲ. ಹೆರಿಗೆ ವಿಷಯ ಡಾಕ್ಟರಿಗೆ ಜಾಸ್ತಿ ಗೊತ್ತು, ನಿಜ. ಆದರೆ ಏನು ಮಾಡುತ್ತಿದ್ದೀರಿ, ಏಕೆ ಮಾಡುತ್ತಿದ್ದೀರಿ ಅಂತ ಕೇಳುವುದಕ್ಕೆ ಅವರಿಗಿಂತ ಜಾಸ್ತಿ ಗೊತ್ತಿರಬೇಕಾಗಿಲ್ಲ. ಹಾಗೇ, ಎಲ್ಲಕ್ಕೂ ಬೇಡ ಅನ್ನುವುದೂ ಓದದೆ ಸಹಿ ಹಾಕಿದ ಹಾಗೇ. ಅಲ್ಲೂ ಎದುರಿಗಿರುವುದು ಏನು ಅಂತ ನೋಡಿರುವುದಿಲ್ಲ, ಅಲ್ವಾ?

ಆ ಪೆನ್ನಿನ ಮಾತು ಓದಿ ನನಗೆ ನನ್ನ ತಂಗಿಯ ಹೆರಿಗೆ ನೆನಪಾಯಿತು. ಜೊತೆಗಿದ್ದವಳು ನಾನೇ. ರಟ್ಟಿಗೆ ಕ್ಲಿಪ್ ಹಾಕಿದ ಮೂರು ಹಾಳೆ ತಂದರು. ಅವಳು ಮೊದಲಕ್ಷರ ಬರೆಯುವಷ್ಟರಲ್ಲಿ ನೋವು ಬಂತು, ಪೆನ್ನು ಗೀಚಿಕೊಂಡು ಹಾಳೆಯ ಅಂಚಿನವರೆಗೂ ಹೋಯಿತು. ನರ್ಸ್ ಪಾಪ ಕಾದರು. ನೋವು ಇಳಿದ ಮೇಲೆ ಆ ಗೀಚಿನ ಪಕ್ಕದಲ್ಲೇ ಇನ್ನೊಂದು ಸಹಿ ಮಾಡಿಸಿಕೊಂಡರು. ಮೂರು ಹಾಳೆಯಲ್ಲಿ ಒಂದು ಸಾಲನ್ನೂ ನಾನು ಓದಲಿಲ್ಲ. ನೋವು ತಿನ್ನುತ್ತಿದ್ದವಳು ಅವಳು. ನಾನು ಕನ್ನಡಕ ಹಾಕಿಕೊಂಡು ಸುಮ್ನೆ ನಿಂತಿದ್ದೆ.

ಆ ಹೊತ್ತಿನಲ್ಲಿ ಯಾರೂ ಓದುವುದಿಲ್ಲ, ಓದಿದರೂ ತಲೆಗೆ ಹೋಗುವುದಿಲ್ಲ. ಅದಕ್ಕೇ ಈ ಮಾತುಕತೆ ಏಳನೇ ತಿಂಗಳಲ್ಲೋ ಎಂಟನೇ ತಿಂಗಳಲ್ಲೋ, ಹಗಲು ಹೊತ್ತು, ಕುರ್ಚಿಯಲ್ಲಿ ಕೂತು ಆಗಬೇಕು. ನಿಮಗಿನ್ನೂ ಅಷ್ಟು ಸಮಯ ಇದೆ.

‘ತಿಳಿದು ನಿರ್ಧಾರ ಮಾಡಬೇಕು’ ಅಂದಕೂಡಲೇ ತುಂಬ ಜನ ಅದನ್ನು ‘ಸಿಸೇರಿಯನ್ ಬೇಡ ಅನ್ನಬೇಕು’ ಅಂತ ಕೇಳಿಸಿಕೊಳ್ಳುತ್ತಾರೆ. ಈ ವಿಷಯದಲ್ಲಿ ಬಹಳ ಹೆಸರಾದ ಮೊಕದ್ದಮೆ ನೋಡಿದರೆ ಕಥೆ ಉಲ್ಟಾ. ಸ್ಕಾಟ್ಲೆಂಡಿನ ನಡೀನ್ ಮಾಂಟ್ಗೊಮರಿ ಅವರಿಗೆ 1999ರಲ್ಲಿ ಹೆರಿಗೆಯಾಯಿತು. ಸಕ್ಕರೆ ಕಾಯಿಲೆ ಇತ್ತು, ಆಳು ಗಿಡ್ಡ, ಮಗು ದಪ್ಪ. ಸಕ್ಕರೆ ಕಾಯಿಲೆಯ ತಾಯಂದಿರಲ್ಲಿ ಮಗುವಿನ ತಲೆ ಹೊರಬಂದು ಭುಜ ಸಿಕ್ಕಿಕೊಳ್ಳುವ ಸಾಧ್ಯತೆ 100ಕ್ಕೆ 9ರಿಂದ 10. ಮಗು ದೊಡ್ಡದಲ್ವಾ ಅಂತ ಆಕೆ ಚಿಂತೆ ಹೇಳಿಕೊಂಡರೂ ಡಾಕ್ಟರು ಈ ಅಪಾಯದ ಮಾತೆತ್ತಲಿಲ್ಲ. ಹೇಳಿದರೆ ಎಲ್ಲರೂ ಸಿಸೇರಿಯನ್ನೇ ಕೇಳುತ್ತಾರೆ ಅನ್ನುವುದು ಅವರ ಲೆಕ್ಕ. ಭುಜ ಸಿಕ್ಕಿಕೊಂಡಿತು. ತಲೆ ಬಂದ ಮೇಲೆ ಮೈ ಬರುವುದಕ್ಕೆ 12 ನಿಮಿಷ ಹಿಡಿಯಿತು, ಮಗುವಿನ ಮೆದುಳಿಗೆ ಪೆಟ್ಟಾಯಿತು. 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಆಕೆಯ ಪರವಾಗಿ ತೀರ್ಪು ಕೊಟ್ಟಿತು. ಆಕೆಯ ಜಾಗದಲ್ಲಿರುವ ಯಾರಿಗೇ ಆದರೂ ಮುಖ್ಯ ಅನಿಸುವ ಅಪಾಯವನ್ನು ಡಾಕ್ಟರು ಹೇಳಲೇಬೇಕು, ಬೇರೆ ದಾರಿ ಇದ್ದರೆ ಅದನ್ನೂ ಹೇಳಬೇಕು ಅಂದಿತು. ನೋಡಿ, ಆಕೆಗೆ ವಿಷಯ ಹೇಳಿದ್ದಿದ್ದರೆ ಸಿಸೇರಿಯನ್ ಬೇಕು ಅನ್ನುತ್ತಿದ್ದರು.

ಈಗ ನಿಮ್ಮ 4 ಸೆಂಟಿಮೀಟರ್ ವಿಷಯಕ್ಕೆ ಬರುತ್ತೇನೆ. ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಬೇಕು ಅನ್ನುವ ಲೆಕ್ಕ ಬಹಳ ಹಳೆಯದು. ಇಮ್ಯಾನ್ಯುಯೆಲ್ ಫ್ರೀಡ್‌ಮನ್ ಅನ್ನುವ ಅಮೆರಿಕದ ಡಾಕ್ಟರು 1955ರಲ್ಲಿ 500 ಚೊಚ್ಚಲ ಹೆರಿಗೆಗಳನ್ನು ಗೆರೆ ಎಳೆದು ತೋರಿಸಿದರು. ಆ ಗೆರೆಯೇ ಲೇಬರ್ ವಾರ್ಡಿನ ಗಡಿಯಾರವಾಗಿ ಕೂತುಬಿಟ್ಟಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಸೂಚನೆ ಕೊಟ್ಟಿತು: ಹೆರಿಗೆ ವೇಗ ಹಿಡಿಯುವುದು 5 ಸೆಂಟಿಮೀಟರ್ ಆದ ಮೇಲೆ. ಅದಕ್ಕಿಂತ ಮುಂಚೆ ನಿಧಾನ ಅನ್ನುವ ಒಂದೇ ಕಾರಣಕ್ಕೆ, ತಾಯಿ ಮಗು ಚೆನ್ನಾಗಿದ್ದರೆ, ಅವಸರ ಮಾಡಬಾರದು. ಇದು ತಾನಾಗಿ ಬಂದ ನೋವಿನ ಮಾತು. ಬರಿಸಿದ ನೋವಿನಲ್ಲಿ ಆರಂಭ ಇನ್ನೂ ನಿಧಾನ.

ಹಾಗಂತ ಆ ರಾತ್ರಿ ಅವರು ತಪ್ಪು ಮಾಡಿದರು ಅಂತ ನಾನು ಇಲ್ಲಿ ಕೂತು ಹೇಳಲಾರೆ. ಮಗುವಿನ ಎದೆಬಡಿತ ಇಳಿದಿದ್ದಿರಬಹುದು, ನೀರು ಒಡೆದು ಬಹಳ ಹೊತ್ತಾಗಿ ಜ್ವರ ಬಂದಿದ್ದಿರಬಹುದು. ಕಾರಣ ಇದ್ದಿದ್ದರೆ ಅದು ನಿಮ್ಮ ಫೈಲಿನಲ್ಲಿ ಇರುತ್ತದೆ. ಅದನ್ನು ಯಾರೂ ನಿಮಗೆ ಹೇಳಲಿಲ್ಲ ಅನ್ನುವುದೇ ನಿಮ್ಮ ನೋವು, ಅದು ನ್ಯಾಯವಾದದ್ದು.

ಇನ್ನೊಂದು ಮಾತು ನಿಮಗೆ ಇಷ್ಟವಾಗಲಿಕ್ಕಿಲ್ಲ. ‘ನೋವು ಬರಿಸಿದ್ದಕ್ಕೇ ಸಿಸೇರಿಯನ್ ಆಯಿತು’ ಅಂತ ಖಂಡಿತವಾಗಿ ಬರೆದಿದ್ದೀರಿ. 2018ರಲ್ಲಿ ಅಮೆರಿಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಚೊಚ್ಚಲ ಬಸುರಿಯರ ಮೇಲೆ ಆದ ಅಧ್ಯಯನ ಬೇರೆಯೇ ಹೇಳಿತು. ತೊಂದರೆ ಇಲ್ಲದವರನ್ನೇ ಆರಿಸಿ, ಅರ್ಧದಷ್ಟು ಜನರಿಗೆ 39ನೇ ವಾರದಲ್ಲಿ ನೋವು ಬರಿಸಿದರು. ಅವರಲ್ಲಿ ಸಿಸೇರಿಯನ್ ಆದದ್ದು 100ಕ್ಕೆ ಸುಮಾರು 19. ಕಾಯ್ದವರಲ್ಲಿ 22. ಇದನ್ನು ಓದಿ ಎಲ್ಲರಿಗೂ ನೋವು ಬರಿಸಿ ಅಂತ ನಾನಂತೂ ಹೇಳುವುದಿಲ್ಲ. ಆದರೆ ಬರಿಸಿದರೆ ಸಿಸೇರಿಯನ್ ಗ್ಯಾರಂಟಿ ಅನ್ನುವ ಮಾತು ನಿಲ್ಲುವುದಿಲ್ಲ. ಬರಿಸಿದ ಮೇಲೆ ಎಷ್ಟು ಹೊತ್ತು ಕಾಯುತ್ತಾರೆ ಅನ್ನುವುದರ ಮೇಲೆ ತುಂಬಾ ನಿಂತಿದೆ. ‘ನೀವು ಎಷ್ಟು ಹೊತ್ತು ಕಾಯುತ್ತೀರಿ?’ ಅಂತ ಮುಂಚೆಯೇ ಕೇಳಬಹುದು. ನಾಚಿಕೊಳ್ಳುವಂಥದ್ದೇನಿಲ್ಲ.

ಕೇಳುವುದಕ್ಕೆ ದೊಡ್ಡ ಪಟ್ಟಿ ಬೇಕಿಲ್ಲ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕೆಲಸಕ್ಕೆ ಬರುವುದು ಒಂದೇ ಪ್ರಶ್ನೆ: ‘ಈಗ ಏನೂ ಮಾಡದೆ ಒಂದು ಗಂಟೆ ಕಾದರೆ ಏನಾಗುತ್ತದೆ?’ ನಿಜವಾಗಿ ತುರ್ತು ಇದ್ದರೆ ಉತ್ತರ ಒಂದೇ ಮಾತಲ್ಲಿ ಬರುತ್ತದೆ. ಹೊಕ್ಕುಳ ಬಳ್ಳಿ ಕೆಳಗೆ ಜಾರಿದೆ, ರಕ್ತ ಹೋಗುತ್ತಿದೆ, ಮಗುವಿನ ಎದೆಬಡಿತ ಇಳಿದು ಮೇಲೆ ಬರುತ್ತಿಲ್ಲ. ಆಗ ಎರಡನೇ ಪ್ರಶ್ನೆ ಕೇಳಬೇಡಿ. ಬೇರೆ ಹೊತ್ತಿನಲ್ಲಿ ‘ಕಾಯಬಹುದು, ಆದರೆ...’ ಅಂತ ಉತ್ತರ ಶುರುವಾಗುತ್ತದೆ. ಆ ‘ಆದರೆ’ ಆದಮೇಲೆ ಬರುವುದನ್ನು ಕಿವಿಗೊಟ್ಟು ಕೇಳಿ.

ಅಪಾಯ ಎರಡು ಪಟ್ಟು ಅಂತ ಯಾರಾದರೂ ಹೇಳಿದರೆ ಎಷ್ಟಿದ್ದದ್ದು ಎಷ್ಟಾಗುತ್ತದೆ ಅಂತ ಕೇಳಿ. 1000ಕ್ಕೆ 1 ಇದ್ದದ್ದು 2 ಆದರೂ ಎರಡು ಪಟ್ಟು, 100ಕ್ಕೆ 10 ಇದ್ದದ್ದು 20 ಆದರೂ ಎರಡು ಪಟ್ಟು. ಎದೆ ಧಸಕ್ಕೆನ್ನುವುದು ಎರಡಕ್ಕೂ ಒಂದೇ ಥರ.

ಈ ಪ್ರಶ್ನೆ ನೀವೇ ಕೇಳಬೇಕು ಅಂತಲೂ ಇಲ್ಲ. ನೋವಿನಲ್ಲಿ ಬಾಯಿಯೇ ಬರುವುದಿಲ್ಲ. ಜೊತೆಗಿರುವವರಿಗೆ ಮುಂಚೆಯೇ ಹೇಳಿಕೊಟ್ಟಿರಿ. ಹೆರಿಗೆಯುದ್ದಕ್ಕೂ ಧೈರ್ಯ ಹೇಳುವವರೊಬ್ಬರು ಪಕ್ಕದಲ್ಲಿದ್ದರೆ ಸಿಸೇರಿಯನ್ ಕೂಡ ಕಡಿಮೆಯಾಗುತ್ತದೆ ಅಂತ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ನನ್ನ ಹಾಗೆ ಕನ್ನಡಕ ಹಾಕಿಕೊಂಡು ನಿಲ್ಲುವವರನ್ನು ಮಾತ್ರ ಕರೆದುಕೊಂಡು ಹೋಗಬೇಡಿ.

ಈ ಸಲ ನಿಮ್ಮ ಮುಂದೆ ಇರುವ ದೊಡ್ಡ ಪ್ರಶ್ನೆ ಗರ್ಭಕೋಶದ ಮೇಲಿರುವ ಹಳೇ ಸಿಸೇರಿಯನ್ ಹೊಲಿಗೆಯದು. ‘ಒಮ್ಮೆ ಸಿಸೇರಿಯನ್ ಆದರೆ ಯಾವಾಗಲೂ ಸಿಸೇರಿಯನ್’ ಅಂತ ಮನೆಯಲ್ಲಿ ಹೇಳುತ್ತಿದ್ದಾರಂತೆ. ಇದು 1916ರಲ್ಲಿ ಎಡ್ವಿನ್ ಕ್ರೇಗಿನ್ ಅನ್ನುವ ಡಾಕ್ಟರು ಹೇಳಿದ ಮಾತು. ತಮಾಷೆ ಏನೆಂದರೆ, ಮೊದಲನೇ ಸಿಸೇರಿಯನ್ನೇ ಯೋಚಿಸಿ ಮಾಡಿ ಅಂತ ಅವರು ಎಚ್ಚರಿಸಿದ್ದು. ಆ ಕಾಲದಲ್ಲಿ ಗರ್ಭಕೋಶವನ್ನು ಮೇಲಿಂದ ಕೆಳಕ್ಕೆ ಉದ್ದಕ್ಕೆ ಕುಯ್ಯುತ್ತಿದ್ದರು, ಮುಂದಿನ ನೋವಿನಲ್ಲಿ ಅದು ಬಿಡುವ ಭಯ ಜಾಸ್ತಿ. ಈಗ ಸಾಮಾನ್ಯವಾಗಿ ಕೆಳಭಾಗದಲ್ಲಿ ಅಡ್ಡಕ್ಕೆ ಕುಯ್ಯುತ್ತಾರೆ. ಅಂಥ ಒಂದು ಹೊಲಿಗೆ ಇದ್ದು ಸಹಜ ಹೆರಿಗೆಗೆ ಪ್ರಯತ್ನಿಸುವವರಲ್ಲಿ 100ಕ್ಕೆ ಸುಮಾರು 72ರಿಂದ 75 ಜನರಿಗೆ ಅದು ಆಗುತ್ತದೆ. ಹೊಲಿಗೆ ಬಿಡುವುದು ಸುಮಾರು 200ರಲ್ಲಿ ಒಬ್ಬರಿಗೆ. ಅಪರೂಪ, ಆದರೆ ಬಿಟ್ಟರೆ ದೊಡ್ಡ ಅಪಾಯ. ನೋವು ಹೆಚ್ಚಿಸುವ ಡ್ರಿಪ್ ಹಾಕಿದರೆ ಆ ಸಾಧ್ಯತೆ ಏರುತ್ತದೆ.

ಅದಕ್ಕೇ ಎಲ್ಲದಕ್ಕೂ ಬೇಡ ಅನ್ನುವ ನಿಮ್ಮ ಯೋಜನೆ ನನಗೆ ಭಯ ಹುಟ್ಟಿಸಿದ್ದು. ಮಗುವಿನ ಎದೆಬಡಿತ ನೋಡುವ ಬೆಲ್ಟನ್ನು ಹೊಟ್ಟೆಗೆ ಸದಾ ಕಟ್ಟಿಡುವುದು ತೊಂದರೆ ಇಲ್ಲದ ಬಸುರಿಗೆ ಬೇಕಿಲ್ಲ, ಸುಮ್ನೆ ಸಿಸೇರಿಯನ್ ಜಾಸ್ತಿಯಾಗುತ್ತದೆ. ಹೊಲಿಗೆ ಇರುವ ನಿಮಗೆ ಅದು ಬೇಕು. ಹೊಲಿಗೆ ಬಿಡುತ್ತಿದ್ದರೆ ಸುಳಿವು ಬಹಳ ಸಲ ಮೊದಲು ಸಿಗುವುದು ಅಲ್ಲೇ. ಇನ್ನು ದಿನ ಗೊತ್ತು ಮಾಡಿಕೊಂಡು ಸಿಸೇರಿಯನ್ನೇ ಮಾಡಿಸಿಕೊಳ್ಳುತ್ತೇನೆ ಅಂದರೂ ಅದೂ ಒಂದು ಸರಿಯಾದ ದಾರಿಯೇ. ಮೂರನೇ ಮಗುವಿನ ಆಸೆ ಇದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ. ಸಿಸೇರಿಯನ್ ಹೆಚ್ಚಾದಷ್ಟೂ ಮುಂದಿನ ಸಲ ಮಾಸು ಹಳೇ ಹೊಲಿಗೆಗೆ ಅಂಟಿಕೊಳ್ಳುವ ಅಪಾಯ ಏರುತ್ತದೆ.

ಇದೆಲ್ಲ ನಿಂತಿರುವುದು ಒಳಗಿನ ಹೊಲಿಗೆ ಯಾವ ಥರದ್ದು ಅನ್ನುವುದರ ಮೇಲೆ. ಹೊಟ್ಟೆಯ ಮೇಲಿನ ಗುರುತು ನೋಡಿ ಅದನ್ನು ಹೇಳಲಾಗದು. ಹೊರಗೆ ಅಡ್ಡ ಇದ್ದು ಒಳಗೆ ಉದ್ದ ಇರುವುದೂ ಉಂಟು. ಹಾಗಾಗಿ ಈ ವಾರವೇ ಹಳೇ ಆಸ್ಪತ್ರೆಗೆ ಹೋಗಿ ಆಪರೇಷನ್ ನೋಟ್ಸಿನ ಪ್ರತಿ ಕೇಳಿ. ಡಿಸ್ಚಾರ್ಜ್ ಕಾರ್ಡ್ ಸಾಕಾಗುವುದಿಲ್ಲ, ಅದರಲ್ಲಿ ಎಷ್ಟೋ ಸಲ ‘ಸಿಸೇರಿಯನ್ ಆಗಿದೆ’ ಅಂತ ಮಾತ್ರ ಇರುತ್ತದೆ. ಎಲ್ಲಿ ಕುಯ್ದರು, ಯಾವ ಕಾರಣಕ್ಕೆ ಅನ್ನುವ ಎರಡೂ ಆ ನೋಟ್ಸಿನಲ್ಲಿ ಇರಬೇಕು. ನೀವು ಸಹಿ ಹಾಕಿದ ಹಾಳೆಯೂ ಅದೇ ಫೈಲಿನಲ್ಲಿರುತ್ತದೆ, ಅದರ ಪ್ರತಿಯನ್ನೂ ತೆಗೆದುಕೊಳ್ಳಿ. ಸಿಕ್ಕಮೇಲೆ ಕಾರಣ ಏನು ಬರೆದಿದ್ದಾರೆ ಅಂತ ನನಗೊಂದು ಸಾಲು ಬರೆಯಿರಿ.

— ಸಂಪಾದಕಿ